ಮೇಜಿನ ಮೇಲಿನ ಕದನ: ಯಾವ ದೇಶ ಯಾವ ಯುದ್ಧವನ್ನು ಆಡುತ್ತದೆ?

ಓದುಗರ ಪ್ರಶ್ನೆ, ನಮ್ಮ ಉತ್ತರ

ಬೋರ್ಡ್ ಗೇಮ್‌ಗಳ ಕುರಿತ ಲೇಖನ ಪ್ರಕಟವಾದ ಮೇಲೆ ಬಂದ ಪತ್ರಗಳಲ್ಲಿ ಹೆಚ್ಚಿನವು ವಾರ್‌ಗೇಮ್‌ಗಳ ಬಗ್ಗೆ ಇದ್ದವು. ನಕ್ಷೆ ಹಾಸಿ, ಸೈನ್ಯಗಳನ್ನು ಸೂಚಿಸುವ ಕಾಯಿಗಳನ್ನೋ ಪುಟ್ಟ ಬೊಂಬೆಗಳನ್ನೋ ಹೂಡಿ, ದಾಳ ಉರುಳಿಸಿ, ನಡೆದುಹೋದ ಯುದ್ಧಗಳನ್ನು ಮತ್ತೆ ಆಡುವ ಆಟಗಳಿವು. ಅವುಗಳ ಕುರಿತ ಕೆಲವು ಪ್ರಶ್ನೆಗಳನ್ನು ಈ ಸಂಚಿಕೆಗೆ ಆರಿಸಿಕೊಂಡಿದ್ದೇವೆ.

ಪ್ರಶ್ನೆ: ಉದ್ಯೋಗದ ನಿಮಿತ್ತ ನಾವು ಮ್ಯೂನಿಕ್‌ನಲ್ಲಿದ್ದೇವೆ. ಅಮೆರಿಕದಲ್ಲಿರುವ ನನ್ನ ಮೈದುನ ನಮ್ಮ ಮಗನ ಹುಟ್ಟುಹಬ್ಬಕ್ಕೆ ಎರಡನೆಯ ಮಹಾಯುದ್ಧದ ಬೋರ್ಡ್ ಗೇಮ್ ಒಂದನ್ನು ಕಳುಹಿಸಿದರು. ಮಗನ ಜರ್ಮನ್ ಗೆಳೆಯ ಆಡಲು ಬಂದಾಗ, ಜೊತೆಗೆ ಬಂದಿದ್ದ ಅವನ ತಾಯಿ ಪೆಟ್ಟಿಗೆಯನ್ನು ನೋಡಿ, ಬೇರೆ ಆಟ ಯಾವುದಾದರೂ ಇದೆಯೇ ಎಂದು ಮೆಲ್ಲಗೆ ಕೇಳಿದರು. ಒಂದು ದೇಶದಲ್ಲಿ ಮನೆಮಂದಿಗೆಲ್ಲ ರಂಜನೆಯಾದದ್ದು ಇನ್ನೊಂದರಲ್ಲಿ ಮುಜುಗರವಾಗುವುದೇಕೆ?
— ಓದುಗರೊಬ್ಬರು, ಮ್ಯೂನಿಕ್

ಉತ್ತರ: ಈ ಮುಜುಗರ ಜರ್ಮನಿಯಲ್ಲಿ ಎದುರಾದದ್ದೇ ಒಂದು ವಿಪರ್ಯಾಸ, ಏಕೆಂದರೆ ಇಂದಿನ ವಾರ್‌ಗೇಮ್‌ನ ತವರು ಅದೇ. ಪ್ರಷ್ಯಾದ ರೈಸ್ವಿಟ್ಸ್ ಎಂಬಾತ 1812ರಲ್ಲಿ ದೊರೆ ಮೂರನೆಯ ಫ್ರೆಡರಿಕ್ ವಿಲಿಯಂಗೆ ಯುದ್ಧದ ಆಟವೊಂದನ್ನು ಒಪ್ಪಿಸಿದ. ಫಿರಂಗಿ ದಳದಲ್ಲಿ ಅಧಿಕಾರಿಯಾಗಿದ್ದ ಅವನ ಮಗ 1824ರಲ್ಲಿ ಅದನ್ನು 1:8000 ಅಳತೆಯ ನಕ್ಷೆಯ ಮೇಲೆ ಆಡುವಂತೆ ತಿದ್ದಿ, ಗುಂಡಿನ ಪೆಟ್ಟನ್ನು ದಾಳದಿಂದ ಲೆಕ್ಕಹಾಕುವ, ಎರಡು ಪಕ್ಷಗಳ ನಡುವೆ ತೀರ್ಪುಗಾರನೊಬ್ಬನನ್ನು ಕೂರಿಸುವ ಕ್ರಮವನ್ನು ರೂಪಿಸಿದ. ಸೇನಾ ಮುಖ್ಯಸ್ಥ ಮ್ಯೂಫ್ಲಿಂಗ್ ಅದನ್ನು ಮೆಚ್ಚಿ ಇಡೀ ಸೈನ್ಯಕ್ಕೆ ಶಿಫಾರಸು ಮಾಡಿದ. 1870-71ರಲ್ಲಿ ಪ್ರಷ್ಯಾ ಫ್ರಾನ್ಸನ್ನು ಮಣಿಸಿದ ಮೇಲಂತೂ ಇತರ ದೇಶಗಳ ಸೇನೆಗಳು ಈ ಆಟವನ್ನು ಕಲಿಯಲು ಮುಂದಾದವು.

ಅದನ್ನು ಅಂಗಡಿಯಲ್ಲಿ ಸಿಗುವ ಸರಕಾಗಿ ಮಾಡಿದ್ದು ಅಮೆರಿಕ. ಚಾರ್ಲ್ಸ್ ರಾಬರ್ಟ್ಸ್ 1954ರಲ್ಲಿ ‘ಟ್ಯಾಕ್ಟಿಕ್ಸ್’ ಎಂಬ ಆಟವನ್ನು ಹೊರತಂದು, 1958ರಲ್ಲಿ ಬಾಲ್ಟಿಮೋರ್‌ನಲ್ಲಿ ಅವಲಾನ್ ಹಿಲ್ ಕಂಪನಿಯನ್ನು ಸ್ಥಾಪಿಸಿದರು. ಮೊದಲ ಆಟದಲ್ಲಿದ್ದದ್ದು ಎರಡು ಕಲ್ಪಿತ ದೇಶಗಳು. ಆದರೆ 1958ರಲ್ಲೇ ಅಂತರ್ಯುದ್ಧದ ‘ಗೆಟ್ಟಿಸ್‌ಬರ್ಗ್’ ಬಂದಿತು, 1961ರಲ್ಲಿ ಎರಡನೆಯ ಮಹಾಯುದ್ಧದ ನಾರ್ಮಂಡಿ ದಾಳಿಯ ‘ಡಿ-ಡೇ’ ಬಂದಿತು. ಆಗಿನ ಅಮೆರಿಕನ್ ಹುಡುಗನಿಗೆ ಎರಡನೆಯ ಮಹಾಯುದ್ಧವೆಂದರೆ ತಂದೆ ಸಮುದ್ರದಾಚೆ ಹೋಗಿ ಗೆದ್ದುಬಂದ ಯುದ್ಧ. ಅವನ ಊರಿನ ಮೇಲೆ ಬಾಂಬು ಬಿದ್ದಿರಲಿಲ್ಲ. ಆದ್ದರಿಂದ ಅಣ್ಣ ಅಮೆರಿಕವಾಗಿ, ತಮ್ಮ ಜರ್ಮನಿಯಾಗಿ ಆಡಲು ಯಾರಿಗೂ ಅಡ್ಡಿಯಿರಲಿಲ್ಲ. ತಮ್ಮನೇ ಗೆದ್ದರೂ ಮನೆಯಲ್ಲಿ ಯಾರ ಮನಸ್ಸೂ ಕೆಡುತ್ತಿರಲಿಲ್ಲ.

1970ರ ದಶಕದ ಅಮೆರಿಕನ್ ಆಟವೊಂದರ ಕಾಯಿಯನ್ನು ಅಂಗೈಯಲ್ಲಿಟ್ಟು ನೋಡಿ. ಅರ್ಧ ಅಂಗುಲದ ರಟ್ಟಿನ ಚೌಕ. ನಡುವೆ ಟ್ಯಾಂಕ್ ದಳವನ್ನು ಸೂಚಿಸುವ ಮೊಟ್ಟೆಯಾಕಾರದ ಗುರುತು. ಕೆಳಗೆ ಎಡಕ್ಕೆ ಹೋರಾಟದ ಬಲ, ಬಲಕ್ಕೆ ಎಷ್ಟು ಮನೆ ನಡೆಯಬಹುದೆಂಬ ಅಂಕಿ. ಹಲವು ಆಟಗಳಲ್ಲಿ ಜರ್ಮನ್ ಸೇನೆಯ ಸಾಮಾನ್ಯ ದಳಗಳು ಬೂದು ಅಥವಾ ಹಸಿರು ಬಣ್ಣದಲ್ಲಿದ್ದರೆ, ಹಿಟ್ಲರನ ಎಸ್‌ಎಸ್ ದಳಗಳನ್ನು ಕಪ್ಪು ಹಿನ್ನೆಲೆಯ ಮೇಲೆ ಬಿಳಿ ಅಂಕಿಗಳಲ್ಲಿ, ಹೆಚ್ಚು ಬಲವುಳ್ಳವಾಗಿ ಮುದ್ರಿಸಿರುತ್ತಾರೆ. ಆಟಗಾರನಿಗೆ ಅದು ಜೋಪಾನ ಮಾಡಬೇಕಾದ ಒಳ್ಳೆಯ ಕಾಯಿ, ಅಷ್ಟೇ. ಆ ದಳಗಳು ಹಳ್ಳಿಗಳಲ್ಲಿ ಏನು ಮಾಡಿದವು ಎಂಬುದಕ್ಕೆ ನಕ್ಷೆಯ ಮೇಲೆ ಗುರುತಿಲ್ಲ, ಏಕೆಂದರೆ ಆ ನಕ್ಷೆಯಲ್ಲಿ ಜನರೇ ಇಲ್ಲ. ಇರುವುದು ರಸ್ತೆ, ನದಿ, ಕಾಡು ಮತ್ತು ಹೆಸರಿಟ್ಟ ನಗರಗಳು. ಜರ್ಮನ್ ಮನೆಯಲ್ಲಾದರೋ ಆ ಕಪ್ಪು ಚೌಕ ಅಜ್ಜನ ಕಪಾಟಿನಲ್ಲಿರುವ, ಯಾರೂ ತೆರೆಯಲು ಇಷ್ಟಪಡದ ಭಾವಚಿತ್ರವನ್ನು ನೆನಪಿಸಬಹುದು.

ಇದಕ್ಕೆ ಕಾನೂನಿನ ಒತ್ತೂ ಇದೆ. ಜರ್ಮನಿಯ ದಂಡಸಂಹಿತೆಯ 86ಎ ಕಲಮು ನಾಜಿ ಚಿಹ್ನೆಗಳ ಬಹಿರಂಗ ಬಳಕೆಯನ್ನು ನಿಷೇಧಿಸುತ್ತದೆ. ಕಲೆ, ಸಂಶೋಧನೆ, ಬೋಧನೆಗಳಿಗೆ ವಿನಾಯಿತಿಯಿದ್ದರೂ ಆಟಿಕೆ ತಯಾರಕರು ಹುಷಾರಾಗಿಯೇ ಇರುತ್ತಾರೆ. 1980ರ ದಶಕದ ಆರಂಭದಲ್ಲಿ, ಜಗತ್ತನ್ನು ಗೆಲ್ಲುವ ‘ರಿಸ್ಕ್’ ಆಟವನ್ನೇ ಯುವಜನರಿಗೆ ಹಾನಿಕರವೆಂದು ಪಟ್ಟಿಗೆ ಸೇರಿಸುವ ಮಾತು ಎದ್ದಾಗ, ಪ್ರಕಾಶಕರು ಜರ್ಮನ್ ಆವೃತ್ತಿಯಲ್ಲಿ ದೇಶಗಳನ್ನು ವಶಪಡಿಸಿಕೊಳ್ಳುವ ಬದಲು ವಿಮೋಚನೆಗೊಳಿಸುವಂತೆ ನಿಯಮದ ಭಾಷೆಯನ್ನು ಬದಲಿಸಿದರು. ದಾಳ, ಕಾಯಿ, ಗೆಲುವು ಎಲ್ಲವೂ ಹಾಗೆಯೇ ಉಳಿದವು. ಇಂಥ ತೇಪೆಗಿಂತ ಹೆಚ್ಚು ಫಲ ಕೊಟ್ಟದ್ದು ಇನ್ನೊಂದು ದಾರಿ: ವಿಮರ್ಶಕರು ಕುಟುಂಬದ ಆಟಗಳಿಗಾಗಿ 1979ರಿಂದ ಕೊಡುತ್ತ ಬಂದ ‘ಷ್ಪೀಲ್ ಡೆಸ್ ಯಾರೆಸ್’ ವಾರ್ಷಿಕ ಪ್ರಶಸ್ತಿ, 1983ರಿಂದ ಎಸೆನ್‌ನಲ್ಲಿ ನಡೆಯುವ ಆಟಗಳ ಮೇಳ, ಮತ್ತು 1995ರಲ್ಲಿ ಆ ಪ್ರಶಸ್ತಿಯನ್ನು ಪಡೆದ ಕ್ಲಾಸ್ ಟಾಯ್ಬರ್ ಅವರ ‘ಕಟಾನ್’. ಅದರಲ್ಲಿ ಇಟ್ಟಿಗೆ, ಮರ, ಉಣ್ಣೆಗಳ ವಿನಿಮಯವಿದೆ, ರಸ್ತೆ ಕಟ್ಟುವ ಪೈಪೋಟಿಯಿದೆ. ಯಾರೂ ಯಾರ ಊರನ್ನೂ ಸುಡುವುದಿಲ್ಲ. ಇದೆಲ್ಲವನ್ನೂ ಪಾಪಪ್ರಜ್ಞೆಯ ಲೆಕ್ಕಕ್ಕೇ ಬರೆದುಬಿಡುವುದು ಸರಿಯಲ್ಲವೆಂದು ನನಗೆ ಅನಿಸುತ್ತದೆ. ಭಾನುವಾರ ಮನೆಯವರೆಲ್ಲ ಒಂದೇ ಮೇಜಿಗೆ ಕೂರುವ ರೂಢಿ, ಪತ್ರಿಕೆಗಳಲ್ಲಿ ಆಟಗಳ ವಿಮರ್ಶೆ ಬರೆಯುವ ಪರಂಪರೆ ಇವೂ ಕಾರಣಗಳೇ. ಜರ್ಮನಿಯಲ್ಲಿ ವಾರ್‌ಗೇಮ್ ಆಡುವವರೂ ಇದ್ದಾರೆ. ಮಗನ ಗೆಳೆಯನ ತಾಯಿ ಅವರಲ್ಲೊಬ್ಬರಲ್ಲ, ಅಷ್ಟೇ.

ಇಬ್ಬರು ಆಡುವ ಆಟಕ್ಕೆ ಎರಡು ಕುರ್ಚಿ ಬೇಕು. ಒಂದು ದೇಶ ಎಷ್ಟು ಯುದ್ಧ ಮಾಡಿದೆ ಎಂಬುದಕ್ಕಿಂತಲೂ, ಆ ಯುದ್ಧದ ಎರಡೂ ಕುರ್ಚಿಗಳಲ್ಲಿ ಕೂರಲು ಅಲ್ಲಿನ ಜನ ಒಪ್ಪುತ್ತಾರೆಯೇ ಎಂಬುದು ಆಟದ ವಸ್ತುವನ್ನು ನಿರ್ಧರಿಸುತ್ತದೆ ಎಂಬುದು ನನ್ನ ತಿಳಿವಳಿಕೆ. ಮುಂದಿನ ಉತ್ತರಗಳಲ್ಲೂ ಇದೇ ಮಾತು ಬೇರೆ ಬೇರೆ ಬಗೆಯಲ್ಲಿ ಬರುತ್ತದೆ.

ಪ್ರಶ್ನೆ: ಹಾಗಾದರೆ ಸೋತ ಜಪಾನಿನಲ್ಲೂ ಜರ್ಮನಿಯಂತೆಯೇ ಆಗಬೇಕಿತ್ತಲ್ಲ?
— ಓದುಗರು, ಬೆಂಗಳೂರು

ಉತ್ತರ: ಹಾಗೆ ಆಗಲಿಲ್ಲ. 1980ರ ದಶಕದ ಆರಂಭದಲ್ಲಿ ಜಪಾನಿನಲ್ಲಿ ವಾರ್‌ಗೇಮ್‌ಗೆ ದೊಡ್ಡ ಭರಾಟೆಯೇ ಬಂದಿತು. ಎಪೋಕ್, ಸುಕುಡಾ ಹಾಬಿ, ಬಂದಾಯ್ ಮುಂತಾದ ಕಂಪನಿಗಳು ಆಟಗಳನ್ನು ತಂದವು; ಹಾಬಿ ಜಪಾನ್ ಸಂಸ್ಥೆ ಇದಕ್ಕೆಂದೇ ‘ಟ್ಯಾಕ್ಟಿಕ್ಸ್’ ಎಂಬ ಪತ್ರಿಕೆಯನ್ನು ಹೊರಡಿಸಿತು. ಆದರೆ ವಸ್ತುವಿನ ಆಯ್ಕೆಯನ್ನು ಗಮನಿಸಬೇಕು. ಒಂದು ದೊಡ್ಡ ಪಾಲು ಹದಿನೈದು-ಹದಿನಾರನೆಯ ಶತಮಾನಗಳ ಸೆಂಗೋಕು ಕಾಲಕ್ಕೆ, ಅಂದರೆ ಪಾಳೆಯಗಾರರು ತಮ್ಮತಮ್ಮಲ್ಲೇ ಕಾದಾಡಿದ ಕಾಲಕ್ಕೆ ಹೋಯಿತು. ಅದರ ಕೊನೆಯ ದೊಡ್ಡ ಕದನ 1600ರ ಸೆಕಿಗಾಹರ. ಅಲ್ಲಿ ಎರಡೂ ಪಕ್ಷದವರು ತಮ್ಮವರೇ. ಟೊಕುಗಾವ ಗೆದ್ದರೂ ಇಶಿದ ಗೆದ್ದರೂ ನೆರೆಯ ದೇಶಕ್ಕೆ ಉತ್ತರ ಹೇಳಬೇಕಾಗಿಲ್ಲ. ಇನ್ನೊಂದು ಪಾಲು ಭವಿಷ್ಯಕ್ಕೆ ಹಾರಿತು: 1979ರಲ್ಲಿ ಟಿವಿಯಲ್ಲಿ ಬಂದ ‘ಗುಂಡಮ್’ ಕಾರ್ಟೂನಿನ ಯಂತ್ರಮಾನವರ ಯುದ್ಧವನ್ನು ಸುಕುಡಾ ಹಾಬಿ ಷಟ್ಕೋನದ ಮನೆಗಳ ನಕ್ಷೆಗೆ ಇಳಿಸಿತು. ಯುದ್ಧವನ್ನು ತ್ಯಜಿಸಿದ ಸಂವಿಧಾನದ ಒಂಬತ್ತನೆಯ ವಿಧಿಯನ್ನು ಶಾಲೆಯಲ್ಲಿ ಓದಿದ ಹುಡುಗರು ಸಂಜೆ ಬಾಹ್ಯಾಕಾಶದಲ್ಲಿ ಕಾದಾಡಿದರು.

ಪೆಸಿಫಿಕ್ ಯುದ್ಧದ ಆಟಗಳೂ ಇದ್ದವು, ಇವೆ. ಅವುಗಳಲ್ಲಿ ಮುಂದೆ ನಿಲ್ಲುವುದು ಹಡಗು ಮತ್ತು ವಿಮಾನ. 1937ರಿಂದ ಚೀನಾದ ನೆಲದಲ್ಲಿ ನಡೆದ ಯುದ್ಧ ಹಿಂದೆ ಸರಿಯುತ್ತದೆ. ನಡುಗಡಲಿನಲ್ಲಿ ಊರುಗಳಿಲ್ಲವಲ್ಲ.

ಆಟ ಮತ್ತು ಆತ್ಮಾಭಿಮಾನಗಳ ನಂಟಿಗೆ ಜಪಾನಿನದೇ ಒಂದು ಕಥೆಯಿದೆ. ಪೆಸಿಫಿಕ್ ಸಾಗರದ ಮಿಡ್‌ವೇ ದ್ವೀಪದ ಮೇಲಿನ ದಾಳಿಗೆ ಮುನ್ನ, 1942ರ ಮೇ ತಿಂಗಳಲ್ಲಿ, ‘ಯಮಾಟೊ’ ಯುದ್ಧನೌಕೆಯ ಮೇಲೆ ನೌಕಾಪಡೆಯ ಅಧಿಕಾರಿಗಳು ಆ ಕಾರ್ಯಾಚರಣೆಯನ್ನು ಮೇಜಿನ ಮೇಲೆ ಆಡಿ ನೋಡಿದರು. ಪಡೆಯ ಅಧಿಕಾರಿಯೊಬ್ಬರು ಯುದ್ಧದ ನಂತರ ಬರೆದಂತೆ, ಅಮೆರಿಕನ್ ವಿಮಾನಗಳ ಒಂಬತ್ತು ಬಾಂಬುಗಳು ತಾಗಿ ‘ಅಕಾಗಿ’, ‘ಕಾಗಾ’ ಎಂಬ ಎರಡು ವಿಮಾನವಾಹಕ ನೌಕೆಗಳು ಮುಳುಗಿದವೆಂದು ದಾಳದ ಮೇರೆಗೆ ತೀರ್ಪಾಯಿತು. ಅಧ್ಯಕ್ಷತೆ ವಹಿಸಿದ್ದ ಅಡ್ಮಿರಲ್ ಉಗಾಕಿ ಒಂಬತ್ತನ್ನು ಮೂರಕ್ಕೆ ಇಳಿಸಿದರು. ಮುಳುಗಿದ್ದು ಒಂದೇ ನೌಕೆ ಎಂದಾಯಿತು, ಮುಂದಿನ ಸುತ್ತಿನಲ್ಲಿ ಅದೂ ಮತ್ತೆ ತೇಲಿಬಂದಿತು. ಜೂನ್ ಮೊದಲ ವಾರದಲ್ಲಿ ನಿಜವಾದ ಕದನದಲ್ಲಿ ಜಪಾನ್ ನಾಲ್ಕು ವಿಮಾನವಾಹಕಗಳನ್ನು ಕಳೆದುಕೊಂಡಿತು. ಎದುರಾಳಿಯ ಕುರ್ಚಿಯಲ್ಲಿ ಕೂತವನಿಗೆ ಗೆಲ್ಲುವ ಹಕ್ಕನ್ನೇ ಕೊಡದೆ ಆಡಿದ ಆಟವದು.

ಪ್ರಶ್ನೆ: ಇಂಗ್ಲೆಂಡಿನಲ್ಲಿರುವ ಅಳಿಯಂದಿರು ಆಟದ ಬೊಂಬೆಗಳ ಚಿತ್ರ ಕಳುಹಿಸಿದ್ದರು, ಅದರಲ್ಲಿ ಟಿಪ್ಪುವಿನ ಸೈನಿಕರೂ ಇದ್ದರು! ವಸಾಹತು ಯುದ್ಧಗಳನ್ನು ಅವರು ಯಾವ ಸಂಕೋಚವೂ ಇಲ್ಲದೆ ಆಡುತ್ತಾರೆಯೇ?
— ನಿವೃತ್ತ ಶಿಕ್ಷಕರು, ಮಂಡ್ಯ

ಉತ್ತರ: ಬಹುಕಾಲ ಹಾಗೆಯೇ ಆಡಿದರು, ಈಗೀಗ ಸಂಕೋಚ ಕಾಣಿಸಿಕೊಂಡಿದೆ. ಬ್ರಿಟನ್ನಿನ ಹಾದಿ ನಕ್ಷೆಗಿಂತ ಬೊಂಬೆಯದು. ಬ್ರಿಟನ್ಸ್ ಎಂಬ ಕಂಪನಿ 1893ರಲ್ಲಿ ಒಳಗೆ ಟೊಳ್ಳಾದ, ಆದ್ದರಿಂದ ಅಗ್ಗವಾದ ಸೀಸದ ಸೈನಿಕರನ್ನು ಮಾರಲಾರಂಭಿಸಿದಾಗ, ಶ್ರೀಮಂತರ ಮಕ್ಕಳ ಆಟಿಕೆ ಮಧ್ಯಮವರ್ಗದ ಮನೆಗಳಿಗೂ ಬಂದಿತು. ಎಚ್. ಜಿ. ವೆಲ್ಸ್ 1913ರಲ್ಲಿ ‘ಲಿಟ್ಲ್ ವಾರ್ಸ್’ ಎಂಬ ಪುಸ್ತಕದಲ್ಲಿ ಅವುಗಳಿಗೆ ನಿಯಮಗಳನ್ನು ಬರೆದರು. ಸ್ಪ್ರಿಂಗಿನ ಆಟಿಕೆ ಫಿರಂಗಿಯಿಂದ ಮರದ ಮೊಳೆಯನ್ನು ಹಾರಿಸಿ, ಬಿದ್ದ ಬೊಂಬೆಗಳನ್ನು ಸತ್ತವೆಂದು ಎಣಿಸುವುದು ಅವರ ಕ್ರಮ. ಅದೇ ಪುಸ್ತಕದ ಕೊನೆಯಲ್ಲಿ ಅವರು, ಈ ಪುಟ್ಟ ಯುದ್ಧವನ್ನು ಮೂರು ನಾಲ್ಕು ಸಲ ಆಡಿದವರಿಗೆ ನಿಜವಾದ ಮಹಾಯುದ್ಧ ಎಂಥ ಎಡವಟ್ಟಿನ ವ್ಯವಹಾರವೆಂಬುದು ಅರಿವಾಗುತ್ತದೆ ಎಂಬರ್ಥದ ಮಾತು ಬರೆದಿದ್ದಾರೆ. ಮರುವರ್ಷವೇ ಮಹಾಯುದ್ಧ ಬಂದಿತು.

ವಸಾಹತು ಯುದ್ಧಗಳ ಆಕರ್ಷಣೆ ಆಟಗಾರರಿಗೆ ಎರಡು ಬಗೆಯದು: ಒಂದು, ಬಣ್ಣಬಣ್ಣದ ಸಮವಸ್ತ್ರ, ಎರಡು, ಕೆಲವೇ ಕೆಂಪು ಕೋಟಿನವರು ಬಹುಜನರನ್ನು ಎದುರಿಸುವ ನಾಟಕ. ಝೂಲು ದೇಶ, ಸುಡಾನ್, ವಾಯವ್ಯ ಗಡಿ ಇವೇ ಮತ್ತೆ ಮತ್ತೆ ಬರುವ ರಂಗಸ್ಥಳಗಳು. ಇಲ್ಲಿ ಎರಡನೆಯ ಕುರ್ಚಿಯ ಪ್ರಶ್ನೆಯನ್ನು ಕೆಲವು ಆಟಗಳು ವಿಚಿತ್ರವಾಗಿ ಬಗೆಹರಿಸಿದವು. ಸ್ಥಳೀಯ ಸೈನ್ಯವನ್ನು ಯಾವ ಆಟಗಾರನೂ ನಡೆಸುವುದಿಲ್ಲ. ದಾಳವೋ ಇಸ್ಪೀಟೆಲೆಯೋ ಹೇಳಿದಂತೆ ಅದು ಪೊದೆಯಿಂದ ಹೊರಬಂದು ಮೇಲೆರಗುತ್ತದೆ. ಆಡುವವರೆಲ್ಲ ಒಂದೇ ಕಡೆ, ಎದುರಿಗೆ ಮನುಷ್ಯಬುದ್ಧಿಯಿಲ್ಲದ ಒಂದು ಆಪತ್ತು. ಹುಲಿಪಟ್ಟೆಯ ಅಂಗಿ ತೊಡಿಸಿದ ಮೈಸೂರಿನ ಸಿಪಾಯಿಯನ್ನು ಸೂಕ್ಷ್ಮ ಕುಂಚದಿಂದ ಗಂಟೆಗಟ್ಟಲೆ ಕುಳಿತು ಬಣ್ಣಿಸಿದ ಕೈಗೆ ಆ ಸಿಪಾಯಿಯ ಮೇಲೆ ಪ್ರೀತಿಯಿಲ್ಲವೆಂದು ನಾನು ಹೇಳಲಾರೆ. ಆದರೆ 1799ರ ಮೇ 4ರ ಶ್ರೀರಂಗಪಟ್ಟಣವನ್ನು ಹೂಡಿದಾಗ ಕೋಟೆಯೊಳಗಿನವನು ಏನನ್ನು ಯೋಚಿಸುತ್ತಿದ್ದ ಎಂಬುದಕ್ಕೆ ನಿಯಮದಲ್ಲಿ ಜಾಗವಿರಬೇಕು.

ಸಂಕೋಚ ಬಂದ ಬಗೆಗೆ ಎರಡು ಉದಾಹರಣೆಗಳು ಸಾಕು. 2019ರಲ್ಲಿ ಅಮೆರಿಕದ ಜಿಎಂಟಿ ಗೇಮ್ಸ್ ಸಂಸ್ಥೆ, ಯೂರೋಪಿನ ದೇಶಗಳು ಆಫ್ರಿಕವನ್ನು ಹಂಚಿಕೊಳ್ಳುವ ಆಟವೊಂದನ್ನು ಪ್ರಕಟಿಸುವುದಾಗಿ ಹೇಳಿ, ಆಫ್ರಿಕದವರ ಪಾಡನ್ನು ಹಗುರವಾಗಿ ಕಂಡಿದೆ ಎಂಬ ಆಕ್ಷೇಪಗಳ ನಂತರ ಪಟ್ಟಿಯಿಂದ ತೆಗೆಯಿತು. ಇನ್ನೊಂದು ಬ್ರಿಟನ್ನಿನ ನಾಟಿಂಗ್‌ಹ್ಯಾಮ್‌ನ ಗೇಮ್ಸ್ ವರ್ಕ್‌ಶಾಪ್‌ನದು. 1987ರಿಂದ ಬರುತ್ತಿರುವ ಅದರ ‘ವಾರ್‌ಹ್ಯಾಮರ್ 40,000’ ಆಟದಲ್ಲಿ ಮನುಕುಲದ ಸಾಮ್ರಾಜ್ಯವೇ ದ್ವೇಷದ ಮೇಲೆ ನಿಂತ ಕ್ರೂರ ಆಡಳಿತ, ಅದು ವಿಡಂಬನೆ. ವಿಡಂಬನೆಯನ್ನು ಆದರ್ಶವೆಂದು ಓದುವವರೂ ಇರುತ್ತಾರೆ. 2021ರಲ್ಲಿ ಸ್ಪೇನಿನ ಪಂದ್ಯವೊಂದಕ್ಕೆ ಆಟಗಾರನೊಬ್ಬ ನಾಜಿ ಚಿಹ್ನೆ ತೊಟ್ಟು ಬಂದ ಮೇಲೆ, ಆಟದೊಳಗಿನ ಸಾಮ್ರಾಜ್ಯ ದ್ವೇಷದಿಂದ ನಡೆಯಬಹುದು, ನಮ್ಮ ಬಳಗ ನಡೆಯುವುದಿಲ್ಲ ಎಂದು ಕಂಪನಿ ಬಹಿರಂಗವಾಗಿ ಹೇಳಬೇಕಾಯಿತು.

ಪ್ರಶ್ನೆ: ಸರ್ಕಾರವೇ ಇಂಥ ಆಟ ಮಾಡಿದ ಉದಾಹರಣೆ ಇದೆಯೇ?
— ವಿದ್ಯಾರ್ಥಿನಿ, ಕಲಬುರಗಿ

ಉತ್ತರ: ಪೋಲೆಂಡಿನಲ್ಲಿ ಇದೆ. ಅಲ್ಲಿನ ರಾಷ್ಟ್ರೀಯ ಸ್ಮರಣ ಸಂಸ್ಥೆ ವಾರ್ಸಾ ದಂಗೆ, ಪೋಲಿಷ್ ವಿಮಾನ ಚಾಲಕರ ಹೋರಾಟ ಮುಂತಾದವುಗಳನ್ನು ಕುರಿತು ಆಟಗಳನ್ನು ಹೊರತಂದಿದೆ. ಅದರ ಅತ್ಯಂತ ಪ್ರಸಿದ್ಧ ಆಟ, 2011ರ ‘ಕೊಲೆಯ್ಕ’, ಯುದ್ಧದ್ದೇ ಅಲ್ಲ; ಕಮ್ಯುನಿಸ್ಟ್ ಕಾಲದಲ್ಲಿ ಅಂಗಡಿಯ ಮುಂದೆ ಸಾಲು ನಿಲ್ಲುವುದನ್ನು ಕುರಿತದ್ದು. ರಷ್ಯಾದಲ್ಲಿ ಅದಕ್ಕೆ ಆಕ್ಷೇಪ ಬಂದು 2016ರಲ್ಲಿ ಮಾರಾಟ ನಿಂತಿತು. ಪೋಲೆಂಡಿನದೇ ‘ದಿಸ್ ವಾರ್ ಆಫ್ ಮೈನ್’ 2014ರಲ್ಲಿ ಕಂಪ್ಯೂಟರ್ ಆಟವಾಗಿ, 2017ರಲ್ಲಿ ಬೋರ್ಡ್ ಗೇಮ್ ಆಗಿ ಬಂದಿತು. ಅದರಲ್ಲಿ ಆಟಗಾರರು ಮುತ್ತಿಗೆಗೆ ಸಿಕ್ಕ ನಗರದ ನಾಗರಿಕರು, ಎಲ್ಲರೂ ಒಂದೇ ಪಕ್ಷ. ಎದುರಾಳಿಗಳೆಂದರೆ ಹಸಿವು ಮತ್ತು ಚಳಿ. ಎರಡೂ ಕಡೆಯ ಸೈನ್ಯಗಳು ತನ್ನ ನೆಲವನ್ನು ತುಳಿದು ಹೋದ ದೇಶಕ್ಕೆ ಈ ಬಗೆಯ ಆಟ ಹೊಳೆದದ್ದು ಸಹಜವೇ.

ಪ್ರಶ್ನೆ: ಚದುರಂಗ ಹುಟ್ಟಿದ ನಾಡಿನಲ್ಲಿ ವಾರ್‌ಗೇಮ್ ಏಕಿಲ್ಲ?
— ಓದುಗರು, ಮೈಸೂರು

ಉತ್ತರ: ತಮ್ಮ ಊರಿನ ಜಗನ್ಮೋಹನ ಅರಮನೆಯಲ್ಲೇ ಉತ್ತರದ ಒಂದು ತುದಿ ಸಿಗುತ್ತದೆ. ಶ್ರೀರಂಗಪಟ್ಟಣ ಬಿದ್ದ ವರ್ಷ, 1799ರಲ್ಲಿ, ಎಳೆಯ ವಯಸ್ಸಿನಲ್ಲೇ ಪಟ್ಟವೇರಿದ ಮುಮ್ಮಡಿ ಕೃಷ್ಣರಾಜ ಒಡೆಯರಿಂದ 1831ರಲ್ಲಿ ಬ್ರಿಟಿಷರು ಆಡಳಿತವನ್ನು ಕಿತ್ತುಕೊಂಡರು. 1868ರವರೆಗೆ ಬದುಕಿದ್ದ ಅವರು ಚದುರಂಗ, ಪಗಡೆ, ಗಂಜೀಫಾಗಳಲ್ಲಿ ಬಗೆಬಗೆಯ ಹೊಸ ಹಾಸುಗಳನ್ನೂ ಚದುರಂಗದ ಕುದುರೆ ಪ್ರತಿ ಮನೆಯನ್ನೂ ಒಂದೊಂದೇ ಸಲ ಮುಟ್ಟಿ ಹಾಸನ್ನು ಸುತ್ತುವ ಬಂಧಗಳನ್ನೂ ರಚಿಸಿದರು. ಆ ಹಾಸುಗಳಲ್ಲಿ ಆನೆ, ಕುದುರೆ, ಮಂತ್ರಿ ಎಲ್ಲ ಇವೆ. ನಿಜವಾದ ಒಂದು ಕದನವೂ ಇಲ್ಲ. ನಮ್ಮ ಪರಂಪರೆಯ ಯುದ್ಧದ ಆಟಕ್ಕೆ ಇಸವಿಯಿಲ್ಲ, ಊರಿಲ್ಲ, ಹಾಗಾಗಿ ಎರಡೂ ಕುರ್ಚಿಗಳು ಎಲ್ಲರಿಗೂ ಮುಕ್ತ. ಹಳ್ಳಿಯ ಜಗಲಿಗಳಲ್ಲಿ ಕೊರೆದ ಆಡು-ಹುಲಿ ಆಟದಲ್ಲಿ ಎರಡು ಪಕ್ಷಗಳ ಬಲ ಬೇರೆ ಬೇರೆಯಾದರೂ ಹುಲಿಯಾಗಲು ಯಾರೂ ಹಿಂಜರಿಯುವುದಿಲ್ಲ.

ಇತಿಹಾಸದ ಯುದ್ಧಕ್ಕೆ ಬಂದರೆ ಮಾತು ಬೇರೆ. 1565ರ ರಕ್ಕಸಗಿ-ತಂಗಡಗಿ ಕದನವನ್ನು ಆಟವಾಗಿಸಿದರೆ ಸುಲ್ತಾನರ ಪಕ್ಷ ವಹಿಸುವವರು ಯಾರು, ಅವರು ಗೆದ್ದಾಗ ಮೇಜಿನ ಸುತ್ತಲಿನ ಮುಖಗಳು ಹೇಗಿರುತ್ತವೆ ಎಂದು ಊಹಿಸಿ. 1962, 1965, 1971ರ ಯುದ್ಧಗಳಲ್ಲಿ ಮಡಿದವರ ಮನೆಗಳು ಕೊಡಗಿನಲ್ಲೂ ಬೆಳಗಾವಿಯಲ್ಲೂ ಇವೆ. ಇದರ ಮೇಲೆ ಕಾನೂನಿನ ತೊಡಕು: ಸರ್ವೇ ಆಫ್ ಇಂಡಿಯಾದ ನಕ್ಷೆಗೆ ಹೊಂದದಂತೆ ದೇಶದ ಗಡಿಯನ್ನು ತೋರಿಸಿ ಪ್ರಕಟಿಸುವುದು ಅಪರಾಧ, ಮತ್ತು ಆಧುನಿಕ ಯುದ್ಧದ ಆಟದಲ್ಲಿ ಗಡಿ ಸರಿಯುವುದೇ ಆಟ. ಚೀನಾದಲ್ಲಂತೂ ಟಿಬೆಟ್ಟನ್ನು ಪ್ರತ್ಯೇಕ ದೇಶವಾಗಿ ತೋರಿಸಿದ್ದಕ್ಕೆ 2004ರಲ್ಲಿ ಸ್ವೀಡನ್ನಿನ ಒಂದು ಕಂಪ್ಯೂಟರ್ ಯುದ್ಧದಾಟವನ್ನೇ ನಿಷೇಧಿಸಿದರು. ಆಮದು ಮಾಡಿದ ಪೆಟ್ಟಿಗೆಗಳ ಬೆಲೆಯೂ ಸಣ್ಣ ಅಡ್ಡಿಯಲ್ಲ.

ನಮ್ಮ ವಸ್ತುಗಳ ಮೇಲೆ ಆಟಗಳು ಬಂದೇ ಇವೆ, ಆದರೆ ಪ್ರಕಾಶಕರು ಹೊರಗಿನವರು. ಜಿಎಂಟಿ ಗೇಮ್ಸ್ 2019ರಲ್ಲಿ ತಂದ ‘ಗಾಂಧಿ’ ಆಟ 1917ರಿಂದ 1947ರವರೆಗಿನದು. ಬ್ರಿಟಿಷ್ ಸರ್ಕಾರ, ಕಾಂಗ್ರೆಸ್, ಮುಸ್ಲಿಂ ಲೀಗ್, ಕ್ರಾಂತಿಕಾರಿಗಳು ಎಂಬ ನಾಲ್ಕು ಪಕ್ಷಗಳಿದ್ದು, ಅಹಿಂಸಾತ್ಮಕ ಚಳವಳಿಯೇ ಅದರಲ್ಲೊಂದು ನಡೆ. ಅದೇ ಸಂಸ್ಥೆ ‘ವಿಜಯನಗರ’ ಎಂಬ ಆಟವನ್ನೂ ಪ್ರಕಟಿಸಿದೆ. ದೆಹಲಿ ಸುಲ್ತಾನರು, ಬಹಮನಿಗಳು, ವಿಜಯನಗರದವರು ಎಂಬ ಮೂರು ಪಕ್ಷಗಳ ಆ ಆಟ 1290ರಿಂದ ಹೊರಟು 1398ಕ್ಕೆ, ಅಂದರೆ ತೈಮೂರನು ದೆಹಲಿಗೆ ನುಗ್ಗಿದ ವರ್ಷಕ್ಕೆ ನಿಲ್ಲುತ್ತದೆ. ಹಂಪಿಯ ಸುಡುವಿಕೆ ಅದರಲ್ಲಿ ಬರುವುದಿಲ್ಲ. ಹೊರಗಿನವರು ಇಂಥ ವಸ್ತುವನ್ನು ಮೊದಲು ಮುಟ್ಟುವುದು ನಮ್ಮಲ್ಲಷ್ಟೇ ನಡೆದದ್ದಲ್ಲ. ಫ್ರಾನ್ಸ್ ತನ್ನ ಕಾನೂನಿನಲ್ಲಿ ಅಲ್ಜೀರಿಯದ ಹೋರಾಟವನ್ನು ಯುದ್ಧವೆಂದು ಒಪ್ಪಿದ್ದು 1999ರಲ್ಲಿ. ಅದರ ಮೇಲೆ 2017ರಲ್ಲಿ ಬಂದ ‘ಕೊಲೋನಿಯಲ್ ಟ್ವೈಲೈಟ್’ ಆಟವನ್ನು ರಚಿಸಿದವರು ಕೆನಡಾದ ಬ್ರಯನ್ ಟ್ರೇನ್. ಹೊರಗಿನವರಿಗೆ ಎರಡು ಕುರ್ಚಿಗಳಲ್ಲಿ ಯಾವುದೂ ಚುಚ್ಚುವುದಿಲ್ಲ. ಅದು ಅವರ ಅನುಕೂಲ, ಕೆಲವೊಮ್ಮೆ ಕೊರತೆ.

ಪ್ರಶ್ನೆ: ನಾವು ಗೆಳೆಯರು ಸೇರಿ ಕಿತ್ತೂರಿನ ಹೋರಾಟದ ಮೇಲೆ ಕನ್ನಡದಲ್ಲೇ ಒಂದು ಆಟ ರೂಪಿಸುತ್ತಿದ್ದೇವೆ. ಯಾವುದರ ಬಗ್ಗೆ ಎಚ್ಚರ ಬೇಕು?
— ಎಂಜಿನಿಯರಿಂಗ್ ವಿದ್ಯಾರ್ಥಿ, ಧಾರವಾಡ

ಉತ್ತರ: ಕಂಪನಿಯ ಕುರ್ಚಿಯ ಬಗ್ಗೆ. ಚೆನ್ನಮ್ಮನ ಪಕ್ಷ ವಹಿಸಲು ಎಲ್ಲರೂ ನಾ ಮುಂದು ತಾ ಮುಂದು ಎನ್ನುತ್ತಾರೆ. ಕಂಪನಿಯ ಪಕ್ಷಕ್ಕೆ ಕೂರುವ ಗೆಳೆಯನಿಗೂ ಯೋಚಿಸಲು ಕೆಲಸವಿಲ್ಲದಿದ್ದರೆ ಎರಡನೆಯ ಸಲ ಅವನು ಆಡುವುದಿಲ್ಲ. ದತ್ತುಪುತ್ರನನ್ನು ಒಪ್ಪದೆ ಸಂಸ್ಥಾನವನ್ನು ನುಂಗಲು ಹೊರಟ ಧಾರವಾಡದ ಕಲೆಕ್ಟರ್ ಥ್ಯಾಕರೆ 1824ರ ಅಕ್ಟೋಬರ್ 23ರಂದು ಕಿತ್ತೂರಿನ ಬಾಗಿಲಲ್ಲೇ ಹತನಾದ. ಎಲಿಯಟ್, ಸ್ಟೀವನ್‌ಸನ್ ಎಂಬ ಇಬ್ಬರು ಅಧಿಕಾರಿಗಳು ಸೆರೆಸಿಕ್ಕರು. ಕಮಿಷನರ್ ಚಾಪ್ಲಿನ್ ಮಾತು ಕೊಟ್ಟದ್ದನ್ನು ನಂಬಿ ಅವರನ್ನು ಬಿಡಲಾಯಿತು, ಡಿಸೆಂಬರಿನಲ್ಲಿ ದೊಡ್ಡ ಸೈನ್ಯ ಬಂದು ಕೋಟೆ ಬಿದ್ದಿತು. ನಿಮ್ಮ ಆಟದ ತಿರುವು ಇಲ್ಲಿದೆ: ಒತ್ತೆಯಾಳುಗಳನ್ನು ಬಿಡುವುದೋ ಇಟ್ಟುಕೊಳ್ಳುವುದೋ ಎಂಬುದು ಒಬ್ಬರ ನಿರ್ಧಾರ, ಕೊಟ್ಟ ಮಾತನ್ನು ಉಳಿಸಿಕೊಳ್ಳುವುದೋ ಮುರಿಯುವುದೋ ಎಂಬುದು ಇನ್ನೊಬ್ಬರದು. ಕಂಪನಿಯ ಆಟಗಾರನಿಗೆ ಮಾತು ಉಳಿಸಿಕೊಂಡೂ ಗೆಲ್ಲುವ ಒಂದು ದಾರಿಯನ್ನು, ಕಷ್ಟದ್ದಾದರೂ ಸರಿ, ಇಟ್ಟಿರಿ. ಆಗ ಮುರಿಯುವುದು ಅವನ ಆಯ್ಕೆಯಾಗುತ್ತದೆ, ನಿಯಮದ ಬಲವಂತವಾಗುವುದಿಲ್ಲ.

1831ರ ಜನವರಿಯಲ್ಲಿ ನಂದಗಡದಲ್ಲಿ ಸಂಗೊಳ್ಳಿ ರಾಯಣ್ಣನನ್ನು ಗಲ್ಲಿಗೇರಿಸುವವರೆಗೂ ಆಟವನ್ನು ಎಳೆಯುವುದಾದರೆ, ಅದಕ್ಕೆ ಬೇರೆ ನಕ್ಷೆ, ಬೇರೆ ನಿಯಮಗಳು ಬೇಕು. ಅದು ಕೋಟೆಯ ಯುದ್ಧವಲ್ಲ. ಕಾಡು, ಹಳ್ಳಿ ಮತ್ತು ಸುದ್ದಿಯ ಯುದ್ಧ. ರಾಯಣ್ಣ ಸಿಕ್ಕಿಬಿದ್ದದ್ದು ನಮ್ಮವರೇ ಕೊಟ್ಟ ಸುಳಿವಿನಿಂದ. ಸುಳಿವು ಕೊಟ್ಟವರ ಕಾಯಿಗೆ ಯಾವ ಬಣ್ಣ ಬಳಿಯುತ್ತೀರಿ ಎಂಬುದನ್ನು ಮೊದಲೇ ಕೂತು ಮಾತಾಡಿಕೊಳ್ಳಿ.